ಹನ್ನೊಂದರ ಎಣಿಕೆ: ‘ಅಟ್ ಫಿಲ್ಮೋರ್ ಈಸ್ಟ್’ ಆಲಿಕೆಯ ನಾಲ್ಕು ವಾರ

ಅಮೆರಿಕದ ರಾಕ್ ತಂಡ ಆಲ್‌ಮನ್ ಬ್ರದರ್ಸ್ ಬ್ಯಾಂಡ್‌ನ ‘ಅಟ್ ಫಿಲ್ಮೋರ್ ಈಸ್ಟ್’ ಆಲ್ಬಮ್ಮಿನ ಎರಡು ಗ್ರಾಮೊಫೋನ್ ತಟ್ಟೆಗಳನ್ನು ವಾರಕ್ಕೊಂದು ಮಗ್ಗುಲಿನಂತೆ ಕೇಳಿ, ಆರು ಮಂದಿ ವಾದಕರನ್ನೂ ಬೇರೆಬೇರೆಯಾಗಿ ಗುರುತಿಸುವಷ್ಟು ಕಿವಿಯನ್ನು ಪಳಗಿಸಬೇಕೆಂದು ಹೊರಟಿದ್ದೆ. ನ್ಯೂಯಾರ್ಕಿನ ಫಿಲ್ಮೋರ್ ಈಸ್ಟ್ ಸಭಾಂಗಣದಲ್ಲಿ 1971ರ ಮಾರ್ಚ್‌ನಲ್ಲಿ ನಡೆದ ಕಛೇರಿಗಳ ಈ ಧ್ವನಿಮುದ್ರಣವನ್ನು ನಿರ್ಮಿಸಿದವರು ಟಾಮ್ ಡೌಡ್. ನಾಲ್ಕು ಮಗ್ಗುಲುಗಳಲ್ಲಿ ಇರುವುದು ಏಳೇ ರಚನೆಗಳು.

ಮೊದಲೆರಡು ವಾರ ಸಲೀಸಾಗಿ ಕಳೆದವು. ‘ಸ್ಟೇಟ್ಸ್‌ಬೊರೊ ಬ್ಲೂಸ್’ನಲ್ಲಿ ಗಿಟಾರ್ ವಾದಕ ಡ್ವೇನ್ ಆಲ್‌ಮನ್ ಔಷಧದ ಗಾಜಿನ ಸೀಸೆಯನ್ನು ಬೆರಳಿಗೆ ತೊಟ್ಟು ತಂತಿಯ ಮೇಲೆ ಎಳೆಯುವ ಜಾರುಗಳನ್ನು ಯಾರಾದರೂ ಗುರುತಿಸಬಲ್ಲರು.

ಮೂರನೆಯ ವಾರ ‘ಇನ್ ಮೆಮೊರಿ ಆಫ್ ಎಲಿಜಬೆತ್ ರೀಡ್’ ಎದುರಾಯಿತು. ಜಾರ್ಜಿಯಾದ ಮೇಕನ್ ಊರಿನ ರೋಸ್ ಹಿಲ್ ಸ್ಮಶಾನದ ಸಮಾಧಿಯೊಂದರ ಮೇಲಿದ್ದ ಹೆಸರನ್ನೇ ತಂಡದ ಇನ್ನೊಬ್ಬ ಗಿಟಾರ್ ವಾದಕ ಡಿಕಿ ಬೆಟ್ಸ್ ಈ ಸಾಹಿತ್ಯವಿಲ್ಲದ ರಚನೆಗೆ ಇಟ್ಟರು. ಆರಂಭದಲ್ಲಿ ಬೆಟ್ಸ್ ಗಿಟಾರಿನ ಶಬ್ದವನ್ನು ಮೆಲ್ಲಮೆಲ್ಲನೆ ಏರಿಸುವುದರಿಂದ ಮೀಟಿದ ಸದ್ದೇ ಕೇಳಿಸದೆ ಪಿಟೀಲಿನ ಕಮಾನು ಎಳೆದಂತಾಗುತ್ತದೆ. ಆಮೇಲೆ ಎರಡು ಗಿಟಾರುಗಳೂ ಒಟ್ಟಾಗಿ ಪಲ್ಲವಿಯನ್ನು ಹಿಡಿಯುವಾಗ ಯಾರ ಸ್ವರ ಯಾವುದೆಂದು ತಿಳಿಯದೆ ಐದು ಸಂಜೆ ಸೋತೆ. ಮೊದಲು ಬೆಟ್ಸ್, ನಂತರ ಗ್ರೆಗ್ ಆಲ್‌ಮನ್‌ರ ಆರ್ಗನ್, ಕೊನೆಗೆ ಡ್ವೇನ್ ಎಂಬ ಸರದಿಯನ್ನು ಬರೆದಿಟ್ಟುಕೊಂಡು ಕೇಳಿದ ಮೇಲೆಯೇ ಇಬ್ಬರ ಕೈಯೂ ಬೇರೆಯಾದದ್ದು. ಬೆಟ್ಸ್ ರಾಗವನ್ನು ದುಂಡಗೆ ಹಾಡಿಸುತ್ತಾರೆ; ಡ್ವೇನ್ ಒಂದು ಚಿಕ್ಕ ಪದಗುಚ್ಛವನ್ನು ಹಿಡಿದು, ತಿರುಗಿಸಿ, ಬಿಗಿಗೊಳಿಸಿ ಶಿಖರಕ್ಕೆ ಒಯ್ಯುತ್ತಾರೆ. ಆಲ್ಬಮ್ ಜುಲೈನಲ್ಲಿ ಹೊರಬಂದಿತು, ಅಕ್ಟೋಬರ್ 29ರಂದು ಮೇಕನ್ನಿನ ಮೋಟಾರ್‌ಸೈಕಲ್ ಅಪಘಾತದಲ್ಲಿ ಡ್ವೇನ್ ತೀರಿಕೊಂಡರು. ಅವರಿಗೆ ಆಗ 24 ವರ್ಷ. ಇದು ನೆನಪಾದ ಸಂಜೆ ಆ ಭಾಗವನ್ನು ಎರಡನೆಯ ಬಾರಿ ಹಾಕಲು ನನ್ನಿಂದಾಗಲಿಲ್ಲ.

ನಾಲ್ಕನೆಯ ಮಗ್ಗುಲಿನ ತುಂಬ ‘ವಿಪ್ಪಿಂಗ್ ಪೋಸ್ಟ್’ ಒಂದೇ, ಸುಮಾರು 23 ನಿಮಿಷ. ಬೆರಿ ಓಕ್ಲಿಯವರ ಬೇಸ್ ಗಿಟಾರಿನಿಂದ ತೆರೆಯುವ ಅದರ ಮೊದಲ ಆವರ್ತ ಪ್ರತಿ ಸಲವೂ ನನ್ನ ಲೆಕ್ಕ ತಪ್ಪಿಸುತ್ತಿತ್ತು. ಕೊನೆಗೆ ‘ತಕಿಟ ತಕಿಟ ತಕಿಟ ತಕ’ ಎಂದು ಬಾಯಲ್ಲಿ ಹೇಳಿಕೊಂಡು ತೊಡೆಯ ಮೇಲೆ ತಟ್ಟಿದಾಗ ಹನ್ನೊಂದು ಮಾತ್ರೆಗಳು ಸರಿಯಾಗಿ ಕೂತವು. ಕಡೆಯ ‘ತಕ’ದಲ್ಲಿ ಒಂದು ಮಾತ್ರೆ ಕಡಿಮೆಯಾಗುವುದರಿಂದಲೇ ಆ ಆರಂಭಕ್ಕೆ ಮುಗ್ಗರಿಸಿ ಮುನ್ನುಗ್ಗುವ ಓಟ ಬಂದಿದೆ.

ಇಬ್ಬರು ಡ್ರಮ್ ವಾದಕರಾದ ಬುಚ್ ಟ್ರಕ್ಸ್ ಮತ್ತು ಜೈಮೋ ಇನ್ನೂ ಒಬ್ಬರಾಗಿಯೇ ಕೇಳಿಸುತ್ತಿದ್ದಾರೆ. ಐದನೆಯ ವಾರ ಗಿಟಾರನ್ನು ಮರೆತು, ಮೂರನೆಯ ಮಗ್ಗುಲನ್ನು ಅವರಿಗಾಗಿಯೇ ಮತ್ತೆ ಹಾಕಲಿದ್ದೇನೆ.