ದಮ್ಮಡಿ ಮತ್ತು ನಮ್ಮ ಸೋಮವಾರಗಳು

ನಾನು ಹಿರಿಯೂರಿನ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ದಮ್ಮಡಿ ಅನ್ನುವ ಚರ್ಮವಾದ್ಯ ಹಿಡಿದ ದಿನದಿಂದ ಒಂದು ಹಳೇ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅದರದ್ದೂ ಲೆಕ್ಕ ಇಡುತ್ತಾ ಬಂದಿದ್ದೇನೆ. ಆ ಹಾಳೆಗಳಿಂದ ಆರಿಸಿ ಇಲ್ಲಿ ಬರೆಯುತ್ತಿದ್ದೇನೆ.

2022, ಆಗಸ್ಟ್

ನಮ್ಮ ಬೀದಿಯ ಈಶ್ವರನ ಗುಡಿಯಲ್ಲಿ ಸೋಮವಾರ ರಾತ್ರಿ ಭಜನೆ ಇರುತ್ತದೆ. ಅಮ್ಮನನ್ನು ಕೈ ಹಿಡಿದು ಕರೆದುಕೊಂಡು ಹೋಗುವುದು, ಕಂಬಕ್ಕೆ ಒರಗಿ ಕೂರುವುದು, ಮಂಗಳಾರತಿ ಆದ ಮೇಲೆ ವಾಪಸ್ ಬರುವುದು. ನನ್ನ ಪಾಲಿಗೆ ಭಜನೆ ಅಂದರೆ ಇಷ್ಟೇ ಆಗಿತ್ತು. ಈ ತಿಂಗಳು ದಮ್ಮಡಿ ಬಾರಿಸುತ್ತಿದ್ದ ಅಣ್ಣ ಮಗನ ಹತ್ತಿರ ಇರಲು ತುಮಕೂರಿಗೆ ಹೊರಟುಹೋದರು. ತತ್ವಪದ ಹಾಡುವ ಅಜ್ಜ ದಮ್ಮಡಿಯನ್ನು ನನ್ನ ಕಡೆ ಚಾಚಿದರು. "ಸುಮ್ನೆ ಕೂತಿದ್ದೀಯಲ್ಲವ್ವಾ, ಹಿಡಿ."

ಹಿಡಿದೆ. ಎಡಗೈ ಹೆಬ್ಬೆರಳು ಹತ್ತೇ ನಿಮಿಷಕ್ಕೆ ನೋಯತೊಡಗಿತು.

ನೋಡದವರಿಗೆ ಹೇಳುತ್ತೇನೆ. ದಮ್ಮಡಿ ಅಂದರೆ ಮರದ ಒಂದು ಬಳೆ. ಒಂದು ಕಡೆಗೆ ಮಾತ್ರ ಮೇಕೆ ಚರ್ಮ, ಇನ್ನೊಂದು ಕಡೆ ಖಾಲಿ. ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈಯಲ್ಲಿ ಬಾರಿಸಬೇಕು. ಅಂಚಿಗೆ ಬೆರಳು ಬಿದ್ದರೆ "ಟಣ್" ಅನ್ನುತ್ತದೆ, ನಡುವೆ ಬಿದ್ದರೆ "ಧಿಂ". ಹಿಡಿದ ಕೈಯ ಬೆರಳಿಂದಲೇ ಹಿಂದಿನಿಂದ ಚರ್ಮ ಒತ್ತಿದರೆ ದನಿ ಮೇಲಕ್ಕೇರುತ್ತದೆ. ಇದನ್ನು ಕಂಡುಕೊಳ್ಳುವುದಕ್ಕೇ ನನಗೆ ಎರಡು ತಿಂಗಳು ಬೇಕಾಯಿತು.

2022, ಸೆಪ್ಟೆಂಬರ್

ಮಾರಿಕಣಿವೆ ಡ್ಯಾಮು ಕೋಡಿ ಬಿತ್ತು! 1907ರಲ್ಲಿ ಕಟ್ಟಿ ಮುಗಿಸಿದ ಈ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿ ಹರಿದ ಮೇಲೆ ಮತ್ತೆ ಹರಿದದ್ದು ಈಗಲೇ. ಊರಿಗೆ ಊರೇ ನೋಡಲು ಹೋಯಿತು. ನಾನೂ ಅಮ್ಮನನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿ ಬಂದೆ. ದಾರಿಯುದ್ದಕ್ಕೂ ಅಮ್ಮ ಏನೋ ಹೇಳಲು ನೋಡುತ್ತಿದ್ದರು.

ಇಂಥ ಮಳೆಗೆ ದಮ್ಮಡಿ ಪೂರಾ ಸಡಿಲ. ಚರ್ಮ ಗಾಳಿಯಲ್ಲಿನ ತೇವ ಹೀರಿಕೊಂಡರೆ ಬಿಗಿ ಹೋಗುತ್ತದೆ, ದನಿ ಕೆಳಗಿಳಿಯುತ್ತದೆ. ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ ಕೇಳುತ್ತಿತ್ತು. ಅಜ್ಜ ಗುಡಿಯ ಹಿಂದೆ ಒಣಗಿದ ತೆಂಗಿನ ಗರಿ ಹಚ್ಚಿ ಕಾಯಿಸುವುದು ತೋರಿಸಿಕೊಟ್ಟರು. ಬೆಂಕಿಗೆ ಒಂದು ಮೊಳ ದೂರ ಹಿಡಿಯಬೇಕು. ಒಂದೇ ಕಡೆ ನಿಲ್ಲಿಸದೆ ತಿರುಗಿಸುತ್ತಿರಬೇಕು. ನಡುನಡುವೆ ತಟ್ಟಿ ಕಿವಿಗೊಡಬೇಕು. ದನಿ ಏರುವುದು ಎಷ್ಟು ಚೆನ್ನಾಗಿ ಕೇಳುತ್ತದೆ ಗೊತ್ತಾ? ಎರಡು ನಿಮಿಷದಲ್ಲಿ ಸತ್ತ ಚರ್ಮಕ್ಕೆ ಜೀವ ಬಂದಿತ್ತು.

2022, ಅಕ್ಟೋಬರ್

ತಪ್ಪು ಮಾಡಿದೆ. ಮನೆಯಲ್ಲಿ ಗ್ಯಾಸ್ ಒಲೆಯ ಪಕ್ಕ ದಮ್ಮಡಿ ಒರಗಿಸಿಟ್ಟು ಅಂಗಡಿಯಿಂದ ಬಂದ ಫೋನಿನಲ್ಲಿ ಮಾತಾಡುತ್ತಾ ನಿಂತೆ. ಪಟ್ ಅಂತ ಸದ್ದಾಯಿತು. ಅಂಚಿನಿಂದ ನಡುವಿನ ತನಕ ಸೀಳು. ಅದು ನನ್ನದಲ್ಲ, ಗುಡಿಯದ್ದು. ಆ ರಾತ್ರಿ ಊಟ ಸೇರಲಿಲ್ಲ.

ಅಜ್ಜ ಬೈಯಲಿಲ್ಲ. "ಚರ್ಮ ಅಂದ್ಮೇಲೆ ಹರೀತದೆ, ಹಾಕೋದು ಕಲಿ" ಅಂದರು. ಭಾನುವಾರ ಅವರ ಹಟ್ಟಿಯಲ್ಲೇ ಕೂತು ಕಲಿತೆ. ಹೊಸ ಚರ್ಮವನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿದ್ದೆವು. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಅರೆದು, ಕಾಯಿಸಿದರೆ ಗಟ್ಟಿ ಅಂಟು ಬರುತ್ತದೆ. ಬಳೆಯ ಸುತ್ತ ಅದನ್ನು ಬಳಿದು ನಾಲ್ಕು ಕಡೆಯಿಂದಲೂ ಎಳೆದು ಕೂರಿಸಿದೆವು. ಬಿಗಿಯಾಗಿ ಹಗ್ಗ ಸುತ್ತಿ ನೆರಳಲ್ಲಿ ಒಣಗಿಸಿದೆವು. ಬಿಸಿಲಿಗಿಟ್ಟರೆ ಒಂದು ಕಡೆ ಬೇಗ ಒಣಗಿ ಎಳೆತ ಹೆಚ್ಚುಕಡಿಮೆ ಆಗುತ್ತದಂತೆ. ಮೂರನೇ ದಿನ ಹಗ್ಗ ಬಿಚ್ಚಿ ತಟ್ಟಿದಾಗ ಬಂದ ಆ ಮೊದಲ ದನಿ ಈಗಲೂ ಕಿವಿಯಲ್ಲಿದೆ.

2023, ಫೆಬ್ರವರಿ

ಶಿವರಾತ್ರಿ ಜಾಗರಣೆ. ಮೊದಲ ಸಲ ಇಡೀ ರಾತ್ರಿ ಬಾರಿಸಿದೆ. ಬೆಳಗಿನ ಜಾವ ಹಾರ್ಮೋನಿಯಂ ಮೇಷ್ಟ್ರು ಪಕ್ಕಕ್ಕೆ ಕರೆದು ಹೇಳಿದರು: "ಕೈ ಚೆನ್ನಾಗಿದೆ ಕಣಮ್ಮ, ಆದರೆ ಓಡ್ತೀಯ."

ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದನ್ನು ಮನೆಯಲ್ಲಿ ಕೇಳಿದೆ. ನಿಜ. ಷರೀಫರ ಪದವೊಂದು ಶುರುವಾದಾಗ ಇದ್ದ ನಡಿಗೆ ಬೇರೆ, ಮುಗಿಯುವಾಗಿನ ಓಟ ಬೇರೆ. ದನಿ ಜೋರು ಮಾಡಿದಲ್ಲೆಲ್ಲ ವೇಗವೂ ಜಾಸ್ತಿ. ಅದಕ್ಕಿಂತ ನೋವಾದದ್ದು ಇನ್ನೊಂದು. ಅಜ್ಜ ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ನಾನು ಕಾಯುತ್ತಲೇ ಇಲ್ಲ. ಅವರಿಗೆ ಎಂಬತ್ತರ ಹತ್ತಿರ. ನಾನು ಅವರನ್ನು ರಾತ್ರಿಯೆಲ್ಲ ಓಡಿಸಿದ್ದೆ.

ಮಾರ್ಚ್‌ನಿಂದ ಮೇ

ಹೊಸ ಪೆಟ್ಟು ಕಲಿಯುವುದನ್ನು ನಿಲ್ಲಿಸಿದೆ. ದಿನಾ ಇಪ್ಪತ್ತು ನಿಮಿಷ, ಫೋನಿನಲ್ಲಿ ಒಂದೇ ವೇಗಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು ಬರೀ ತಕಧಿಮಿ, ನಾಲ್ಕರ ಎಣಿಕೆ. ಆಮೇಲೆ ತಕಿಟ, ಮೂರರ ಎಣಿಕೆ. ಮೊದಲು ಬಾಯಲ್ಲಿ, ಆಮೇಲೆ ಬೆರಳಲ್ಲಿ. ಅಂಗಡಿಗೆ ನಡೆಯುವಾಗ ಎರಡನ್ನೂ ಸೇರಿಸಿ ಏಳು: ತಕಿಟ ತಕಧಿಮಿ, ತಕಿಟ ತಕಧಿಮಿ. ಏಳರಲ್ಲಿ ನಡೆದರೆ ಮೊದಲ ಪೆಟ್ಟು ಒಮ್ಮೆ ಬಲಗಾಲಿಗೆ, ಒಮ್ಮೆ ಎಡಗಾಲಿಗೆ ಬೀಳುತ್ತದೆ. ಕಲಿಯುವವರು ಖಂಡಿತ ಮಾಡಿ ನೋಡಿ.

ಈ ತಿಂಗಳುಗಳಲ್ಲೇ ಒಂದು ವಿಷಯ ಓದಿ ತುಂಬಾ ಖುಷಿಯಾಯಿತು. ತಬಲಾ, ಮೃದಂಗವನ್ನು ಹಾರ್ಮೋನಿಯಂ ಶ್ರುತಿಗೆ ಸೇರಿಸಬಹುದು. ನನ್ನ ದಮ್ಮಡಿ ಯಾಕೆ ಸೇರುವುದಿಲ್ಲ ಎಂದು ತಲೆ ಕೆಡಿಸಿಕೊಂಡಿದ್ದೆ. ಇದನ್ನು ಸಿ.ವಿ. ರಾಮನ್ 1920ರಲ್ಲೇ ಬರೆದಿದ್ದಾರೆ, 1934ರಲ್ಲಿ ಇನ್ನೂ ವಿವರವಾಗಿ. ಬರೀ ಚರ್ಮ ಹೊಡೆದಾಗ ಏಳುವ ಬೇರೆ ಬೇರೆ ದನಿಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಕರಣೆ ಅನ್ನುವ ಕಪ್ಪು ಲೇಪ ಹಾಕಿದರೆ ಆ ಭಾರಕ್ಕೆ ಅವು ಹೊಂದಿಕೊಂಡು ಸ್ವರದ ಹಾಗೆ ಕೇಳುತ್ತವೆ. ದಮ್ಮಡಿಗೆ ಕರಣೆ ಇಲ್ಲ. ಹಾಗಾಗಿ ಅದರಿಂದ ಸ್ವರ ಕೇಳುವುದು ಬಿಟ್ಟೆ. ಅದರ ಕೆಲಸ ಲಯ ಹಿಡಿಯುವುದು. ನನ್ನ ಕೆಲಸವೂ ಅಷ್ಟೇ.

2023, ಜೂನ್

ಇದನ್ನು ದಮ್ಮಡಿಯ ಲೆಕ್ಕದಲ್ಲೇ ಬರೆಯುತ್ತೇನೆ.

ಅಮ್ಮನಿಗೆ ಲಕ್ವ ಹೊಡೆದು ಆಗ ಎರಡು ವರ್ಷ ಆಗಿತ್ತು. ಕೈಕಾಲು ಸುಧಾರಿಸಿತ್ತು, ಮಾತು ಮಾತ್ರ ನಿಧಾನ. ಒಂದು ಪದಕ್ಕಾಗಿ ತುಂಬಾ ಹೊತ್ತು ಹುಡುಕುತ್ತಾರೆ. ನಾನು ಬೇಗ ಬೇಗ ಮುಗಿಸಿಬಿಡುತ್ತಿದ್ದೆ: "ನೀರಾ? ಮಾತ್ರೆನಾ? ಫ್ಯಾನ್ ಹಾಕಲಾ?" ಅವರು ಹೂಂ ಅಂದು ಸುಮ್ಮನಾಗುತ್ತಿದ್ದರು.

ಒಂದು ಸಂಜೆ ಅಮ್ಮ "ಆ ಡ್ಯಾಮು..." ಅಂತ ಶುರು ಮಾಡಿ ನಿಂತರು. ನನ್ನ ಬಾಯಿ ತೆರೆದಿತ್ತು. ಆದರೆ ಬೆರಳು ತೊಡೆಯ ಮೇಲೆ ತಾನಾಗಿಯೇ ತಕಧಿಮಿ ಹಾಕುತ್ತಿತ್ತು, ಅಜ್ಜ ಉಸಿರು ತೆಗೆದುಕೊಳ್ಳುವಾಗ ಹಾಕುವ ಹಾಗೆ. ಎಂಟು ಎಣಿಸಿದೆ. ಇನ್ನೊಂದು ಎಂಟು. ಮೂರನೇ ಸುತ್ತಿನಲ್ಲಿ ಅಮ್ಮ ಹೇಳಿದರು: "ಮದುವೆ ಆದ ವರ್ಷ ನಿಮ್ಮಪ್ಪ ನನ್ನನ್ನ ಸೈಕಲ್ ಮೇಲೆ ಅಲ್ಲಿಗೆ ಕರ್ಕೊಂಡು ಹೋಗಿದ್ರು."

ನಲವತ್ತನಾಲ್ಕು ವರ್ಷದಲ್ಲಿ ಈ ಮಾತು ನಾನು ಕೇಳಿರಲೇ ಇಲ್ಲ. ಕೋಡಿ ನೋಡಲು ಹೋದ ದಿನ ಆಟೋದಲ್ಲಿ ಅವರು ಹೇಳಲು ನೋಡಿದ್ದು ಇದೇ ಇರಬೇಕು ಅಲ್ವಾ?

2024, ಮಾರ್ಚ್

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿಗೆ ಇಡೀ ಭಜನೆ ತಂಡ ಹೋಗಿ ಬಂದೆವು. ರಾತ್ರಿ ಯಾರದೋ ಮನೆ ಜಗಲಿಯ ಮೇಲೆ ಹಾಡು. ಬಿಸಿಲ ಸೀಮೆಯ ಒಣಗಾಳಿಗೆ ದಮ್ಮಡಿ ಕಾಯಿಸದೆಯೇ ಖಣಖಣ ಅನ್ನುತ್ತಿತ್ತು. ಹೆಬ್ಬೆರಳ ನೋವು ಈಗ ಇಲ್ಲ.

ಅಲ್ಲಿ ಅಜ್ಜ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ನೆನೆದರು. ಓದು ಬರಹ ಇಲ್ಲದೆ ಸಾವಿರಾರು ಪದ ನೆನಪಲ್ಲಿಟ್ಟುಕೊಂಡು ಹಾಡಿದ ಹೆಂಗಸು. ಅಜ್ಜನೂ ಒಂದು ಪದವನ್ನೂ ಬರೆದಿಟ್ಟಿಲ್ಲ. ಬರೆದುಕೊಳ್ಳಲಾ ಎಂದು ಕೇಳಿದೆ. "ಬರಕೋ. ಆದ್ರೆ ನೀ ಬಾರಿಸ್ತಿದ್ರೇನೇ ನಂಗೆ ನೆಪ್ಪಾಗೋದು" ಅಂದರು. ಅದಕ್ಕೇ ಈಗ ರೆಕಾರ್ಡ್ ಮಾಡಿಕೊಂಡು ಆಮೇಲೆ ಬರೆಯುತ್ತೇನೆ. ಮೂವತ್ತೆರಡು ಪದ ಆಗಿವೆ.

ಕಳೆದ ಸೋಮವಾರ

ಎರಡನೇ ಪದದ ನಡುವೆ ಅಜ್ಜ ನಿಂತುಬಿಟ್ಟರು. ಸಾಲು ಮರೆತಿತ್ತು. ತಾಳ ಹಾಕುತ್ತಿದ್ದವರು ನಿಲ್ಲಿಸಿ ಮುಖ ನೋಡಿಕೊಂಡರು. ಒಬ್ಬರು ಮುಂದಿನ ಸಾಲು ಹೇಳಿಕೊಡಲು ಬಾಯಿ ತೆರೆದರು. ಮೇಷ್ಟ್ರು ಬೇಡ ಎಂದು ಕಣ್ಣಲ್ಲೇ ತಡೆದು ಶ್ರುತಿ ಹಿಡಿದುಕೊಂಡೇ ಇದ್ದರು.

ನಾನು ದನಿ ತಗ್ಗಿಸಿ ಬರೀ ಅಂಚಿನಲ್ಲಿ ಬಾರಿಸುತ್ತಾ ಕೂತೆ. ಜೋರಿಲ್ಲ, ಓಟವಿಲ್ಲ. ಒಂದು ಸುತ್ತು, ಎರಡು, ಮೂರು. ಅಜ್ಜ ಕಣ್ಣು ಮುಚ್ಚಿಕೊಂಡಿದ್ದರು. ಅವರ ತಲೆ ಮಾತ್ರ ನನ್ನ ಪೆಟ್ಟಿಗೆ ಸರಿಯಾಗಿ ಆಡುತ್ತಿತ್ತು. ಕಂಬದ ಹತ್ತಿರ ಅಮ್ಮ ಮೊಣಕಾಲ ಮೇಲೆ ಬೆರಳಲ್ಲಿ ತಟ್ಟುತ್ತಿದ್ದರು.

ಐದನೇ ಸುತ್ತಿಗೆ ಅಜ್ಜ ಸಾಲು ಎತ್ತಿಕೊಂಡರು.