ಸೇಂಟ್ ಜೋಸೆಫ್‌ನ ಜೋಡಿ ದೀಪಸ್ತಂಭಗಳು: ಹೋಗುವ ಮುನ್ನ ತಿಳಿದಿರಲಿ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಸೇಂಟ್ ಜೋಸೆಫ್ ನದಿ ಮಿಷಿಗನ್ ಸರೋವರವನ್ನು ಸೇರುವ ಕಡೆ, ಉತ್ತರದ ಕಟ್ಟೆಯ ಮೇಲೆ ಎರಡು ದೀಪಸ್ತಂಭಗಳಿವೆ. ತುದಿಯಲ್ಲಿರುವುದು 1906ರದ್ದು, ದುಂಡಗೆ, ಗಿಡ್ಡ. ಹಿಂದಿನದು 1907ರದ್ದು, ಚೌಕ ಕಟ್ಟಡದ ನೆತ್ತಿಯ ಮೇಲೆ ಎಂಟು ಮೂಲೆಯ ಎತ್ತರದ ಗೋಪುರ. ಈ ಎತ್ತರದ ವ್ಯತ್ಯಾಸ ಬೇಕೆಂದೇ ಮಾಡಿದ್ದು. ಸರೋವರದಿಂದ ಬರುವ ಹಡಗಿಗೆ ಎರಡೂ ದೀಪ ಒಂದರ ಮೇಲೊಂದು ಕಂಡರೆ ದಾರಿ ಸರಿ. ಮೇಲಿನದು ಬಲಕ್ಕೆ ಸರಿದು ಕಂಡರೆ ಹಡಗೂ ಬಲಕ್ಕೆ ಸರಿದಿದೆ, ಕೆಳಗಿನ ದೀಪದತ್ತ, ಅಂದರೆ ಎಡಕ್ಕೆ ತಿರುಗಿಸಬೇಕು. ಎರಡನ್ನೂ ಕೂಡಿಸುವ ಕಬ್ಬಿಣದ ಮೇಲ್ದಾರಿಯನ್ನೂ ಗಮನಿಸಿ. ಅಲೆ ಕಟ್ಟೆಯನ್ನು ಮುಳುಗಿಸಿದಾಗಲೂ ದೀಪ ನೋಡಿಕೊಳ್ಳುವವರು ತುದಿ ತಲುಪಲು ಅದೇ ಆಸರೆಯಾಗಿತ್ತು.

ಶಿಕಾಗೋದಿಂದ ಕಾರಿನಲ್ಲಿ ಸುಮಾರು 150 ಕಿ.ಮೀ. ಮಿಷಿಗನ್ ಗಡಿಯಲ್ಲಿ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ಲೆಕ್ಕದಲ್ಲಿರಲಿ. ರೈಲು ನಿಲ್ದಾಣ ಸಿಲ್ವರ್ ಬೀಚ್ ಪಕ್ಕದಲ್ಲೇ ಇದೆ. ಆದರೆ ಶಿಕಾಗೋದಿಂದ ರೈಲು ಹೊರಡುವುದು ಸಂಜೆ, ವಾಪಸ್ ರೈಲು ಬೆಳಿಗ್ಗೆ. ಹಾಗಾಗಿ ಒಂದೇ ದಿನದಲ್ಲಿ ಹೋಗಿಬರಲಾಗದು, ರೂಮ್ ಮಾಡಲೇಬೇಕು.

ಹೆಚ್ಚಿನವರು ಎಡವುವುದು ಇಲ್ಲಿ: ಸಿಲ್ವರ್ ಬೀಚ್ ಇರುವುದು ನದಿಯ ದಕ್ಷಿಣಕ್ಕೆ. ದೀಪಸ್ತಂಭದ ಬುಡಕ್ಕೆ ಹೋಗಬೇಕಾದರೆ ಸೇತುವೆ ದಾಟಿ ಟಿಸ್ಕಾರ್ನಿಯಾ ಪಾರ್ಕ್‌ಗೆ ಬರಬೇಕು. ಬೇಸಿಗೆಯಲ್ಲಿ ಎರಡೂ ಕಡೆ ಪಾರ್ಕಿಂಗ್‌ಗೆ ಹಣ ಕೊಡಬೇಕು. ಫೋಟೋಗೆ ಮಾತ್ರ ಜೂನ್‌ನಲ್ಲಿ ಸಿಲ್ವರ್ ಬೀಚೇ ಮೇಲು. ಆಗ ಸೂರ್ಯ ವಾಯವ್ಯಕ್ಕೆ ವಾಲಿ, ಗೋಪುರಗಳ ಹಿಂದೆ ರಾತ್ರಿ ಒಂಬತ್ತೂಕಾಲು ದಾಟಿದ ಮೇಲೆ ಮುಳುಗುತ್ತಾನೆ.

ಕಟ್ಟೆಯ ವಿಷಯದಲ್ಲಿ ಹುಡುಗಾಟ ಬೇಡವೇ ಬೇಡ. ಪಶ್ಚಿಮ ಅಥವಾ ವಾಯವ್ಯದ ಗಾಳಿ ಬಲವಾಗಿದ್ದರೆ ಅಲೆ ಕಟ್ಟೆಯ ಮೇಲೇ ಹಾಯುತ್ತದೆ. ಕಾಂಕ್ರೀಟ್ ಒದ್ದೆಯಾಗಿ ಕಂಡರೆ ಅಲ್ಲಿಂದಲೇ ಹಿಂತಿರುಗಿ. ಕಟ್ಟೆಗೆ ಬಡಿದ ನೀರು ಅದರ ಗೋಡೆಗುಂಟ ಒಳಸರೋವರಕ್ಕೆ ಎಳೆಯುವುದರಿಂದ ಪಕ್ಕದಲ್ಲಿ ಈಜುವುದು ದಡದ ಬೇರೆಲ್ಲ ಕಡೆಗಿಂತ ಅಪಾಯ. ಕೆಂಪು ಬಾವುಟ ಇದ್ದರೆ ಮಕ್ಕಳನ್ನು ನೀರಿಗೇ ಬಿಡಬೇಡಿ.

ಚಳಿಗಾಲದಲ್ಲಿ ಎರಚಿದ ನೀರು ಗೋಪುರಕ್ಕೆ ಅಂಟಿ ಹೆಪ್ಪುಗಟ್ಟುತ್ತದೆ. ಆ ನೋಟ ನಿಜಕ್ಕೂ ಅಪರೂಪ, ಆದರೆ ದಡದಿಂದಲೇ ನೋಡಿ. ಕಟ್ಟೆಯ ಅಂಚು ಹಿಮದಡಿ ಕಾಣುವುದಿಲ್ಲ.