ಕಾರ್ಡ್ ಪ್ರೊಟೆಕ್ಷನ್ ರದ್ದು ಮಾಡಿಸಬೇಕಾ? ಫೋನ್ ಬಿಡಿ, ಇಮೇಲ್ ಹಾಕಿ

ಬಾಗಲಕೋಟೆಯ ನವನಗರದಲ್ಲಿ ಒಬ್ಬ ಆಡಿಟರ್ ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುವುದು ನನ್ನ ಕೆಲಸ. ಸೀರೆ-ಖಣದ ವ್ಯಾಪಾರಿಗಳು, ಗೊಬ್ಬರದ ಅಂಗಡಿಯವರು, ಸಣ್ಣಪುಟ್ಟ ಗುತ್ತಿಗೆದಾರರು ನಮ್ಮ ಗಿರಾಕಿಗಳು. ರಿಟರ್ನ್ ಹಾಕುವ ಹೊತ್ತಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಕ್ರೆಡಿಟ್ ಕಾರ್ಡಿನದ್ದೂ ತಂದುಕೊಡುತ್ತಾರೆ. ಅದರಲ್ಲಿ ವರ್ಷಕ್ಕೊಮ್ಮೆ ಬರುವ ಒಂದು ಸಾಲು ನನಗೆ ಈಗ ಚೆನ್ನಾಗಿ ಪರಿಚಯ. ಕಾರ್ಡ್ ಪ್ರೊಟೆಕ್ಷನ್ ಮೆಂಬರ್‌ಶಿಪ್. ಎರಡು ಸಾವಿರದ ಆಸುಪಾಸು, ಮೇಲೆ ಶೇ 18 ಜಿಎಸ್‌ಟಿ. "ಇದೇನ್ರಿ ಸಾವ್ಕಾರ್ರ?" ಅಂತ ಕೇಳಿದರೆ "ಏನೋ ಬ್ಯಾಂಕಿಂದು ಇರಬೇಕ ಬಿಡ್ರಿ" ಅಂತಾರೆ. ಬಿಲ್ ಪೂರ್ತಿ ಆಟೋ ಡೆಬಿಟ್‌ಗೆ ಹಾಕಿರುತ್ತಾರೆ, ಹಾಗಾಗಿ ಆ ಸಾಲಿನ ಮೇಲೆ ಯಾರ ಕಣ್ಣೂ ಬೀಳಲ್ಲ. ಆಮೇಲೆ ಅಂಗಡಿಯ ಹುಡುಗ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನಲ್ಲಿ ಅದನ್ನು ಸುಮ್ನೆ ಬ್ಯಾಂಕ್ ಚಾರ್ಜಸ್ ಅಂತ ಎಂಟ್ರಿ ಮಾಡಿಬಿಡುತ್ತಾನೆ. ಅಲ್ಲಿಗೆ ಅದು ಮಾಯ.

ಇದು ಬ್ಯಾಂಕಲ್ಲ, ಬೇರೊಂದು ಕಂಪನಿ ನಡೆಸುವ ವಾರ್ಷಿಕ ಮೆಂಬರ್‌ಶಿಪ್. ಪರ್ಸ್ ಕಳೆದರೆ ಒಂದೇ ಕರೆಯಲ್ಲಿ ಎಲ್ಲ ಕಾರ್ಡ್ ಬ್ಲಾಕ್ ಮಾಡಿಸ್ತೀವಿ, ಪರಊರಲ್ಲಿ ಸಿಕ್ಕಿಹಾಕಿಕೊಂಡರೆ ಹೋಟೆಲ್ ಬಿಲ್ಲಿಗೆ ದುಡ್ಡು ಕೊಡ್ತೀವಿ, ಪ್ಯಾನ್ ಕಾರ್ಡ್ ಮತ್ತೆ ಮಾಡಿಸಿಕೊಡ್ತೀವಿ, ಮೋಸ ಆದರೆ ಇಷ್ಟು ಲಕ್ಷದ ತನಕ ಕವರ್, ಇಂಥವು. ಆರೇಳು ಕಾರ್ಡ್ ಇಟ್ಟುಕೊಂಡು ದೇಶ ಸುತ್ತುವವರಿಗೆ ಉಪಯೋಗ ಆಗಬಹುದು, ಇಲ್ಲ ಅನ್ನಲ್ಲ. ಆದರೆ ಗುಳೇದಗುಡ್ಡದಲ್ಲಿ ಅಂಗಡಿ ಇಟ್ಟು, ಒಂದೇ ಕಾರ್ಡ್ ಇಟ್ಟುಕೊಂಡು, ಅದನ್ನೂ ಕರೆಂಟ್ ಬಿಲ್ಲಿಗೆ ಮತ್ತು ಪೆಟ್ರೋಲಿಗೆ ಬಳಸುವವರಿಗೆ ಯಾಕೆ? ಕಾರ್ಡ್ ಬ್ಲಾಕ್ ಮಾಡೋದು ಬ್ಯಾಂಕಿನ ಆ್ಯಪಿನಲ್ಲೇ ಪುಕ್ಕಟೆ. ಪ್ಯಾನ್ ಕಾರ್ಡ್ ಮರುಮುದ್ರಣಕ್ಕೆ ಆನ್‌ಲೈನ್‌ನಲ್ಲಿ 50 ರೂಪಾಯಿ. ಇನ್ನು ಮೋಸದ ವಿಷಯಕ್ಕೆ ಬಂದರೆ, 2017ರ ಜುಲೈನಲ್ಲೇ ಆರ್‌ಬಿಐ ಸುತ್ತೋಲೆ ಹೊರಡಿಸಿದೆ. ತಪ್ಪು ಬ್ಯಾಂಕಿನದ್ದಾದರೆ, ಅಥವಾ ನಿಮ್ಮದೂ ಅಲ್ಲ ಬ್ಯಾಂಕಿನದ್ದೂ ಅಲ್ಲ, ಹೊರಗೆಲ್ಲೋ ಎಡವಟ್ಟಾಗಿದೆ ಅಂತಾದರೆ ಮತ್ತು ನೀವು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ, ನಷ್ಟ ನಿಮ್ಮ ತಲೆಗೆ ಬರಲ್ಲ. ಒಟಿಪಿ ನೀವೇ ಹೇಳಿಬಿಟ್ಟಿದ್ದರೆ ಮಾತ್ರ ತಿಳಿಸುವ ತನಕದ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದ್ದು. ಇದನ್ನು ಕರೆ ಮಾಡಿ ಮಾರುವವರು ಹೇಳೋದಿಲ್ಲ, ಅಲ್ವಾ.

ಹೋದ ವರ್ಷ ಒಬ್ಬ ಖಣದ ವ್ಯಾಪಾರಿಯ ಸ್ಟೇಟ್‌ಮೆಂಟಿನಲ್ಲಿ ಈ ಸಾಲು ಎರಡನೇ ವರ್ಷವೂ ಬಂದಿತ್ತು. ಅವರಿಗೆ ಸಿಟ್ಟು ಬಂತು, ಅಲ್ಲೇ ನಮ್ಮ ಟೇಬಲ್ ಮುಂದೆ ಕೂತು ಫೋನ್ ಹಚ್ಚಿದರು. ಬ್ಯಾಂಕಿನ ಕಸ್ಟಮರ್ ಕೇರ್ ಹೇಳಿದ್ದು, ಇದು ನಮ್ಮದಲ್ಲ, ಆ ಕಂಪನಿಗೆ ಕೇಳಿ. ಕಂಪನಿ ಹೇಳಿದ್ದು, ವೆಲ್‌ಕಮ್ ಕಿಟ್ ಕಳಿಸಿದ್ದೆವು, ರದ್ದು ಮಾಡುವ ಅವಧಿ ಮುಗಿದಿದೆ. ಸರಿ, ಮುಂದಿನ ವರ್ಷಕ್ಕಾದರೂ ನಿಲ್ಲಿಸಿ ಅಂದರೆ ಕರೆ ಇನ್ನೊಂದು ಡೆಸ್ಕಿಗೆ ಹೋಯಿತು. ಗಿರಾಕಿಯನ್ನು ಬಿಡದೆ ಹಿಡಿದುಕೊಳ್ಳುವುದೇ ಆ ಡೆಸ್ಕಿನ ಕೆಲಸ. ಮೂರು ತಿಂಗಳು ಫ್ರೀ ಕೊಡ್ತೀವಿ, ಮನೆಯವರನ್ನೂ ಸೇರಿಸ್ತೀವಿ, ಈಗ ರದ್ದು ಮಾಡಿದ ಮೇಲೆ ಕಾರ್ಡಿಗೆ ಏನಾದರೂ ಆದರೆ ನಾವು ಜವಾಬ್ದಾರರಲ್ಲ, ಹೀಗೆ ಒಂದಾದ ಮೇಲೊಂದು. ಇವರು ಜೋರಾಗಿ ಮಾತಾಡಿದರು, ಅವರು ಹೋಲ್ಡ್‌ಗೆ ಹಾಕಿದರು, ಲೈನ್ ಕಟ್ ಆಯಿತು.

ಫೋನಿನಲ್ಲಿ ನಾವು ಯಾವತ್ತೂ ಗೆಲ್ಲಲ್ಲ. ಅಲ್ಲಿ ಕೂತವರಿಗೆ ಸ್ಕ್ರಿಪ್ಟ್ ಇದೆ, ರೆಕಾರ್ಡಿಂಗ್ ಇದೆ, ಸಂಜೆ ತನಕ ಟೈಮ್ ಇದೆ. ನಮ್ಮ ಕೈಯಲ್ಲಿ ಏನೂ ಉಳಿಯಲ್ಲ. "ರದ್ದಾಗಿದೆ ಸರ್" ಅಂತ ಬಾಯಲ್ಲಿ ಹೇಳಿ, ಒಂದು ಮೆಸೇಜ್ ಕೂಡ ಕಳಿಸದೆ, ಮುಂದಿನ ವರ್ಷ ಮತ್ತೆ ಕತ್ತರಿಸಿದ ಕೇಸುಗಳನ್ನೂ ನೋಡಿದ್ದೇನೆ.

ಹಾಗಾಗಿ ಅವರ ಕಡೆಯಿಂದ ಇಮೇಲ್ ಬರೆಸಿದೆ. ಕಂಪನಿಗಲ್ಲ, ಬ್ಯಾಂಕಿಗೆ. ಕಂಪನಿಗೆ ಪ್ರತಿ ಅಷ್ಟೇ. ದುಡ್ಡು ಕತ್ತರಿಸಿದ್ದು ಬ್ಯಾಂಕಿನ ಬಿಲ್ಲಿನಲ್ಲಿ, ಕಾರ್ಡ್ ಕೊಟ್ಟಿದ್ದು ಬ್ಯಾಂಕು, ಹಾಗಿದ್ದ ಮೇಲೆ ನಮಗೆ ಉತ್ತರ ಕೊಡಬೇಕಾದವರೂ ಅವರೇ. ಅದರಲ್ಲಿ ಕೇಳಿದ್ದು ಸ್ವಲ್ಪವೇ: ಈ ಮೆಂಬರ್‌ಶಿಪ್‌ಗೆ ನಾನು ಕೊಟ್ಟ ಒಪ್ಪಿಗೆಯ ದಾಖಲೆ ಕಳಿಸಿ, ಕರೆಯಾಗಿದ್ದರೆ ಪೂರ್ತಿ ರೆಕಾರ್ಡಿಂಗ್ ಕಳಿಸಿ, ಇಲ್ಲವಾದರೆ ಹಣ ವಾಪಸ್ ಮಾಡಿ, ನವೀಕರಣ ನಿಲ್ಲಿಸಿದ್ದಕ್ಕೆ ಬರಹದಲ್ಲಿ ಉತ್ತರ ಕೊಡಿ. ಬೈಗುಳ ಇಲ್ಲ, ಕಥೆ ಇಲ್ಲ. ದಿನಾಂಕ, ಮೊತ್ತ, ಕಾರ್ಡಿನ ಕೊನೆಯ ನಾಲ್ಕು ಅಂಕಿ, ದೂರಿನ ನಂಬರ್ ಕೊಡಿ ಅನ್ನುವ ಒಂದು ಸಾಲು.

ರೆಕಾರ್ಡಿಂಗ್ ಬಂತು. ಆಫೀಸಿನಲ್ಲಿ ಸ್ಪೀಕರ್ ಹಾಕಿ ಕೇಳಿದೆವು. ಹಿಂದಿಯಲ್ಲಿ ಒಬ್ಬ ಹುಡುಗಿ ಹೆಸರು, ಹುಟ್ಟಿದ ದಿನ ಸರಿಯಾ ಅಂತ ಕೇಳುತ್ತಾಳೆ, ಇವರು "ಹಾಂಜೀ" ಅನ್ನುತ್ತಾರೆ. ಆಮೇಲೆ ಬೆಲೆ, ಪ್ರತಿವರ್ಷ ತಾನಾಗಿ ನವೀಕರಣ, ಷರತ್ತು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಓದಿ "ಠೀಕ್ ಹೈ ಸರ್?" ಅನ್ನುತ್ತಾಳೆ. ಮತ್ತೆ ಇವರದು "ಹಾಂಜೀ". ಹಿಂದಿನಿಂದ ಯಾರೋ ಹೆಣ್ಣುಮಗಳು ಖಣದ ರೇಟಿಗೆ ಚೌಕಾಸಿ ಮಾಡುತ್ತಿರುವುದು ಸ್ಪಷ್ಟವಾಗಿ ಕೇಳುತ್ತದೆ. "ಗಿರಾಕಿ ಮುಂದ ನಿಂತಿದ್ರು, ನಾ ಇದನ್ನ ಎಲ್ಲಿ ಕೇಳಿಸ್ಕೋಬೇಕ್ರಿ" ಅಂದರು ಸಾವ್ಕಾರರು. ಕರೆಯ ಸಮಯ ನೋಡಿದರೆ ಸಂಜೆ ಏಳೂವರೆ. ಆರ್‌ಬಿಐ 2022ರಲ್ಲಿ ಹೊರಡಿಸಿದ ಕಾರ್ಡ್ ನಿರ್ದೇಶನದಲ್ಲಿ ಟೆಲಿಮಾರ್ಕೆಟಿಂಗ್ ಕರೆಗೆ ಬೆಳಿಗ್ಗೆ 10ರಿಂದ ಸಂಜೆ 7ರ ತನಕ ಮಾತ್ರ ಅಂತ ಇತ್ತು. ಎರಡನೇ ಇಮೇಲಿನಲ್ಲಿ ಬರೆದದ್ದು ಇಷ್ಟೇ: ನೀವೇ ಕಳಿಸಿದ ರೆಕಾರ್ಡಿಂಗಿನಲ್ಲಿ ಸಮಯ ಇದೆ, ಷರತ್ತು ನನಗೆ ತಿಳಿಯುವ ಭಾಷೆಯಲ್ಲಿ ಹೇಳಿಲ್ಲ, ಇದನ್ನು ದೂರು ನೋಡುವ ನಿಮ್ಮ ನೋಡಲ್ ಆಫೀಸರ್‌ಗೆ ಕಳಿಸಿ.

ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸರಿ ಅನಿಸದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಸಿಎಂಎಸ್ ಅನ್ನುವ ಆರ್‌ಬಿಐನ ದೂರಿನ ಪೋರ್ಟಲ್‌ನಲ್ಲಿ, ಶುಲ್ಕ ಇಲ್ಲದೆ. ಮಾಹಿತಿಗೆ 14448. ಮೊದಲು ಬ್ಯಾಂಕಿಗೆ ಬರೆದದ್ದರ ದಾಖಲೆ ಕೇಳುತ್ತಾರೆ. ಇಮೇಲ್ ಹಾಕಿ ಅನ್ನೋದಕ್ಕೆ ಅದೂ ಒಂದು ಕಾರಣ. ಬರೀ ಫೋನ್ ಮಾಡಿದ್ದರೆ ತೋರಿಸೋಕೆ ಏನಿರುತ್ತೆ?

ಜಗಳ ನಡೆಯುವಾಗ ಬಿಲ್ ಮಾತ್ರ ನಿಲ್ಲಿಸಬೇಡಿ. ಎರಡು ಸಾವಿರ ಹಿಡಿದುಕೊಂಡು ಉಳಿದದ್ದು ಕಟ್ಟೋಣ ಅಂತ ಕೆಲವರಿಗೆ ಅನಿಸುತ್ತೆ. ಅದರ ಮೇಲೆ ಬಡ್ಡಿ ಸೇರಿ, ಮೂಲ ದೂರಿನ ಜೊತೆ ಇನ್ನೊಂದು ತಲೆನೋವು ಶುರುವಾಗುತ್ತೆ. ಪೂರ್ತಿ ಕಟ್ಟಿ, ವಾಪಸ್ ಕೇಳಿ. ಹಾಗೇ ಕಾರ್ಡ್ ಬ್ಲಾಕ್ ಮಾಡಿ ಹೊಸದು ತಗೊಂಡರೆ ಮುಗೀತು ಅಂದುಕೊಳ್ಳಬೇಡಿ, ಬ್ಯಾಂಕಿನ ಮೂಲಕವೇ ಮಾರಿದ್ದಾದರೆ ಹೊಸ ಕಾರ್ಡಿನ ಬಿಲ್ಲಿಗೂ ಬಂದು ಕೂರಬಹುದು. ಸಾಕಾಗಿ ಕಾರ್ಡನ್ನೇ ಮುಚ್ಚುವುದಾದರೆ, ಬಾಕಿ ಏನೂ ಇಲ್ಲದಿದ್ದಾಗ ಏಳು ಕೆಲಸದ ದಿನಗಳಲ್ಲಿ ಬ್ಯಾಂಕು ಮುಚ್ಚಬೇಕು, ಮುಚ್ಚದಿದ್ದರೆ ಆಮೇಲಿನ ಪ್ರತಿ ದಿನಕ್ಕೆ ನಿಮಗೆ 500 ರೂಪಾಯಿ ಕೊಡಬೇಕು. ಅದೂ ಅದೇ 2022ರ ನಿರ್ದೇಶನದಲ್ಲೇ ಬಂದ ನಿಯಮ.

ಇದು ನಮ್ಮ ಕಡೆಯ ರೋಗ ಮಾತ್ರ ಅಲ್ಲ. ಅಮೆರಿಕದಲ್ಲಿ 2012ರಲ್ಲಿ ಕ್ಯಾಪಿಟಲ್ ಒನ್ ಬ್ಯಾಂಕಿನ ಕಾಲ್ ಸೆಂಟರ್‌ಗಳು ಕಾರ್ಡಿನ ಜೊತೆ ಅಂಟಿಸುವ ಇಂಥದ್ದೇ ಆ್ಯಡ್-ಆನ್ ಸೇವೆಗಳನ್ನು ಸುಳ್ಳು ಹೇಳಿ ಮಾರಿದ್ದಕ್ಕೆ, ಅಲ್ಲಿನ ಸರ್ಕಾರಿ ನಿಯಂತ್ರಕರು ಸುಮಾರು 20 ಲಕ್ಷ ಗ್ರಾಹಕರಿಗೆ 14 ಕೋಟಿ ಡಾಲರ್ ವಾಪಸ್ ಕೊಡಿಸಿದರು.

ನಮ್ಮ ಸಾವ್ಕಾರರಿಗೆ ಎರಡನೇ ವರ್ಷದ ದುಡ್ಡು ವಾಪಸ್ ಬಂತು, ಕಾರ್ಡಿನಲ್ಲೇ ಕ್ರೆಡಿಟ್ ಆಗಿ. ಮೊದಲ ವರ್ಷದ್ದು ಕೊಡಲಿಲ್ಲ. ಒಂಬುಡ್ಸ್‌ಮನ್‌ಗೆ ಹಾಕೋಣ ಅಂದೆ. "ಹೋಗ್ಲಿ ಬಿಡ್ರಿ, ದೀಪಾವಳಿ ಮಾಲು ತರಾಕ ಹೋಗಬೇಕು" ಅಂದರು. ನಾನು ಮಾತ್ರ ಆಗಿನಿಂದ ಟ್ಯಾಲಿಯಲ್ಲಿ ಬ್ಯಾಂಕ್ ಚಾರ್ಜಸ್ ಲೆಡ್ಜರ್ ತೆಗೆದು, ಸಾವಿರ ರೂಪಾಯಿಗಿಂತ ಜಾಸ್ತಿ ಇರುವ ಪ್ರತಿ ಎಂಟ್ರಿಗೂ ಇದೇನು ಅಂತ ಗಿರಾಕಿಗೆ ವಾಟ್ಸ್‌ಆ್ಯಪ್ ಹಾಕುತ್ತೇನೆ. ಕೆಲವರಿಗೆ ಕಿರಿಕಿರಿ ಆಗಿದೆ.